ತುಕ್ಕಿನ ಮೇಲೆ ತಪ್ಪು ಹೊರಿಸೋದು ಸುಲಭ

ಎಲ್ಲಾದರೂ ರಿಫೈನರಿಯಲ್ಲಿ ಬೆಂಕಿ ಬಿತ್ತು ಅಂದ್ರೆ ಮಾರನೇ ದಿನದ ಪೇಪರಿನಲ್ಲಿ ಎರಡೇ ಪದ: "ತಾಂತ್ರಿಕ ದೋಷ". ವರದಿಗಾರನಿಗೆ ಸ್ವಲ್ಪ ಆಸಕ್ತಿ ಇದ್ದರೆ "ಹಳೆಯ ಪೈಪು ತುಕ್ಕು ಹಿಡಿದಿತ್ತು" ಅಂತ ಸೇರಿಸ್ತಾನೆ. ಮುಗೀತು. ತುಕ್ಕು ಅಂದ್ರೆ ಮುಪ್ಪಿನ ಹಾಗೆ, ಯಾರೂ ಏನೂ ಮಾಡೋಕಾಗಲ್ಲ ಅನ್ನೋ ಧಾಟಿ. ನನಗೆ ಮೈ ಉರಿಯೋದು ಇಲ್ಲೇ.

2012ರ ಆಗಸ್ಟ್ 6. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿರುವ ಶೆವ್ರಾನ್ ರಿಫೈನರಿ. 1976ರಲ್ಲಿ ಹಾಕಿದ 8 ಇಂಚಿನ ಪೈಪು ಒಡೆದು 19 ಕೆಲಸಗಾರರು ಆವಿಯ ಮೋಡದೊಳಗೆ ಸಿಕ್ಕಿಕೊಂಡರು. ಜೀವ ಉಳಿದದ್ದೇ ಪುಣ್ಯ. ಸುತ್ತಲಿನ ಊರುಗಳ ಸುಮಾರು 15,000 ಜನ ಡಾಕ್ಟರ ಹತ್ತಿರ ಓಡಿದರು. ಇದು ಮಳೆ-ಗಾಳಿಗೆ ಹಿಡಿಯುವ ಕೆಂಪು ತುಕ್ಕಲ್ಲ. ಕುದಿಯುವ ಎಣ್ಣೆಯಲ್ಲಿರುವ ಗಂಧಕ ಉಕ್ಕನ್ನು ಒಳಗಿನಿಂದಲೇ ತಿನ್ನುತ್ತೆ. ಉಕ್ಕಿನಲ್ಲಿ ಸಿಲಿಕಾನ್ ಶೇಕಡಾ 0.10ಕ್ಕಿಂತ ಕಡಿಮೆ ಇದ್ದರಂತೂ ಬಲು ಬೇಗ. ಒಂದೇ ಲೈನಿನಲ್ಲಿ ಒಂದು ತುಂಡು ಗಟ್ಟಿ, ಪಕ್ಕದ್ದು ಸವೆದು ತೆಳ್ಳಗೆ. ಹೊರಗಿಂದ ನೋಡಿದರೆ ಎರಡೂ ಒಂದೇ. ದಪ್ಪ ಅಳೆಯುತ್ತಿದ್ದದ್ದು ಹೆಚ್ಚಾಗಿ ಬೆಂಡುಗಳಲ್ಲಿ. ಒಡೆದದ್ದು ನೇರ ತುಂಡು.

ಗೊತ್ತಿರಲಿಲ್ವಾ? ಗೊತ್ತಿತ್ತು ಸ್ವಾಮಿ! 2007ರಲ್ಲೇ ಅದೇ ರಿಫೈನರಿಯಲ್ಲಿ ಇದೇ ಕಾರಣಕ್ಕೆ ಬೆಂಕಿ ಬಿದ್ದಿತ್ತು. ಇಂಥ ಪೈಪುಗಳ ಪ್ರತಿ ತುಂಡನ್ನೂ ಪರೀಕ್ಷಿಸಿ ಅಂತ ಕಂಪನಿಯ ಸ್ವಂತ ತಜ್ಞರೇ 2009ರಲ್ಲಿ ಹೇಳಿದ್ದರು. 2011ರ ಶಟ್‌ಡೌನಿನಲ್ಲೂ ಆ ಪೈಪು ಹಾಗೇ ಉಳೀತು.

ಫಿಲಡೆಲ್ಫಿಯಾದ್ದು ಇದರ ತಮ್ಮ. 2019ರ ಜೂನ್ 21ರಂದು ಒಡೆದ ಎಲ್ಬೋ 1973ರದ್ದು; ಅದರಲ್ಲಿ ನಿಕ್ಕಲ್, ತಾಮ್ರ ಜಾಸ್ತಿ ಇದ್ದದ್ದರಿಂದ ಆಸಿಡ್ ಅದನ್ನು ಬೇಗ ತಿಂದಿತ್ತು. 4.6 ಮಿಲಿಮೀಟರಿಗೆ ಇಳಿದಾಗ ಬದಲಿಸಬೇಕಿದ್ದದ್ದು 0.3ಕ್ಕೆ ಇಳಿದಿತ್ತು. ಮದುವೆ ಕಾಗದದ ದಪ್ಪ! ಅಕ್ಕಪಕ್ಕದ ತುಂಡುಗಳನ್ನು ಅಳೆಯುತ್ತಿದ್ದರು, ಅದೊಂದನ್ನು ಬಿಟ್ಟು.

"ಮೈಲುಗಟ್ಟಲೆ ಪೈಪು, ಇಂಚಿಂಚೂ ಅಳೆಯೋಕಾಗುತ್ತಾ?" ಅಂತ ಎಂಜಿನಿಯರ್ ಮಿತ್ರರು ಕೇಳ್ತಾರೆ. ಬೇಡ ಬಿಡಿ. ಆದರೆ ದಪ್ಪದ ಹಾಗೆ ಉಕ್ಕಿನಲ್ಲಿರುವ ಸಿಲಿಕಾನ್ ವರ್ಷವರ್ಷ ಬದಲಾಗಲ್ಲ. ಅನುಮಾನದ ಪ್ರತಿ ತುಂಡಿನಿಂದ ಚೂರು ಕೆರೆದು ಲ್ಯಾಬಿಗೆ ಕಳಿಸೋದು ಆಯುಷ್ಯದಲ್ಲಿ ಒಂದೇ ಸಲ. ಅದಕ್ಕೂ ಪುರುಸೊತ್ತಿಲ್ಲ ಅಂದ್ರೆ ಅದು ತುಕ್ಕಿನ ತಪ್ಪಲ್ಲ, ಮುಂದೂಡಿದವರ ತಪ್ಪು.

ಯಾವ ಪೈಪನ್ನು ಏನು ತಿನ್ನುತ್ತೆ ಅಂತ ರಿಫೈನರಿಗಳು ಬರೆದಿಡಲೇಬೇಕು ಅಂತ ಕ್ಯಾಲಿಫೋರ್ನಿಯಾ 2017ರಲ್ಲಿ ನಿಯಮ ತಂತು. ಮಂಗಳೂರಲ್ಲೂ ರಿಫೈನರಿ ಇದೆ, ಅದರ ಅಕ್ಕಪಕ್ಕ ಮನೆಗಳಿವೆ. ಎಲ್ಲಿಯದೇ ಆಗಲಿ, ಅಂಥ ಕಡತ ಊರಿನವರ ಕೈಗೂ ಸಿಗಬೇಕು ಅನ್ನೋದು ನನ್ನ ವಾದ. ವ್ಯಾಪಾರದ ಗುಟ್ಟು ಅಂತೀರಾ? ಪೈಪಿನ ದಪ್ಪದಲ್ಲಿ ಎಂಥ ಗುಟ್ಟು ಮಾರಾಯ್ರೆ?