ಹತ್ತಿಯಲ್ಲದ ಹತ್ತಿ

ಸೇದಿ ಎಸೆದ ಸಿಗರೇಟಿನ ತುದಿಯನ್ನು ಹಲವರು ಹತ್ತಿಯೆಂದೇ ಭಾವಿಸಿದ್ದಾರೆ. ಮಳೆಗೆ ಕರಗಿ ಮಣ್ಣಾಗುವುದೆಂದು ನಂಬಿದ್ದಾರೆ. ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಎಳೆಎಳೆಯಾಗಿ ಬಿಚ್ಚಿಕೊಳ್ಳುವುದೇ ಹೊರತು ಬೇಗ ಕೊಳೆಯದು. ಹೀರಿಕೊಂಡ ನಿಕೋಟಿನ್ನನ್ನು ಮಾತ್ರ ಮಳೆನೀರಿನೊಡನೆ ಹಳ್ಳಕ್ಕೆ ಬಿಟ್ಟುಕೊಡುತ್ತದೆ. ಅಗಿದು ಉಗುಳುವ ಚ್ಯೂಯಿಂಗ್ ಗಮ್ಮಿನ ಅಂಟೂ ಬಹುಮಟ್ಟಿಗೆ ಇದೇ ಕೃತಕ ಕುಲದ್ದು.

1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಂತಹ ನೆಲೆಗಳಲ್ಲಿ ಅಪಾಯ ಇಷ್ಟಕ್ಕೇ ಮುಗಿಯದು. ಫೆಬ್ರವರಿ, ಮಾರ್ಚ್ ವೇಳೆಗೆ ಅಲ್ಲಿನ ಹುಲ್ಲು ಒಣಗಿ ನಿಂತಿರುತ್ತದೆ. ಆರದ ಒಂದು ತುಂಡು ಸಾಕು, ಬೆಂಕಿ ಶೋಲಾ ಕಾಡಿನ ಅಂಚಿಗೆ ಬಂದೀತು.

ಕಾನೂನಿಗೇನೂ ಕೊರತೆಯಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯುವ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಗುಟ್ಕಾವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬುವುದು 2011ರಲ್ಲಿ ನಿಷಿದ್ಧವಾಯಿತು; 2013ರಲ್ಲಿ ಕರ್ನಾಟಕವು ಗುಟ್ಕಾವನ್ನೇ ನಿಷೇಧಿಸಿತು. ಬಳಿಕ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಯಿತು. ಒಂದು ಕಸವಿದ್ದಲ್ಲಿ ಎರಡು! (ಅದರೊಳಗಿನ ಅಡಿಕೆ ತಮ್ಮದೇ ತೋಟದ್ದಾಗಿರಬಹುದೆಂಬುದು ಮಲೆನಾಡಿಗರು ಸುಲಭವಾಗಿ ಆಡುವ ಮಾತಲ್ಲ.)

ಗಿರಿಯ ನೆತ್ತಿಯಲ್ಲಿ ತೊಟ್ಟಿ ಇಟ್ಟರೆ ಗಾಳಿ ಮತ್ತು ಮಂಗಗಳು ಅದನ್ನು ಬರಿದು ಮಾಡುತ್ತವೆ. ಬುಡದ ಚೆಕ್‌ಪೋಸ್ಟಿನಲ್ಲಿಯೇ ಸಿಗರೇಟು, ಬೆಂಕಿಪೊಟ್ಟಣಗಳನ್ನು ಇರಿಸಿಕೊಂಡು ಇಳಿಯುವಾಗ ಹಿಂದಿರುಗಿಸುವುದು ಲೇಸು. ಗೂಡಂಗಡಿಯಾತ ಮರಳು ತುಂಬಿದ ಡಬ್ಬವೊಂದನ್ನು ಎದುರಿಗಿಟ್ಟರೆ ಸೇದುವವನು ಅಲ್ಲಿಯೇ ಆರಿಸಿಯಾನು. ತುಂಬಿದ ಡಬ್ಬವನ್ನು ಒಯ್ಯುವ ಹೊಣೆ ಪಂಚಾಯಿತಿಯದೋ, ಸಿಗರೇಟು ತಯಾರಿಸಿ ಲಾಭ ಪಡೆದ ಕಂಪನಿಯದೋ ಎಂಬ ಪ್ರಶ್ನೆ ಮುಂದಿನ ಗ್ರಾಮಸಭೆಗಳಲ್ಲಿ ಏಳಬೇಕಾಗಿದೆ.