ಪ್ರತಾಪ್ ಸಿಂಹರ ಹತ್ತು ವರ್ಷ ಮೈಸೂರಿಗೆ ಬಿಟ್ಟದ್ದೇನು?

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಗಾಗಿ ಪ್ರತಾಪ್ ಸಿಂಹ ಬೆನ್ನುಬಿದ್ದು ದುಡಿದದ್ದು ನಿಜ. 2023ರ ಮಾರ್ಚ್‌ನಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಅವರ ವಿರೋಧಿಗಳೂ ಅದೇ ರಸ್ತೆಯಲ್ಲಿ ಓಡಾಡುತ್ತಾರೆ, ಶ್ರೇಯ ಸಲ್ಲಲಿ. ಆದರೂ 2014ರಿಂದ 2024ರವರೆಗೆ ಮೈಸೂರು–ಕೊಡಗಿನ ಬಿಜೆಪಿ ಸಂಸದರಾಗಿದ್ದ ಈ ಮಾಜಿ ಪತ್ರಕರ್ತರ ಹೆಸರು ಎತ್ತಿದೊಡನೆ ಜನಕ್ಕೆ ಮೊದಲು ನೆನಪಾಗುವುದು ಜಗಳಗಳು. ಅದಕ್ಕೆ ಮಾಧ್ಯಮಗಳನ್ನು ದೂರಿ ಫಲವಿಲ್ಲ. ಆ ಜಗಳಗಳನ್ನು ಆರಿಸಿಕೊಂಡವರು ಅವರೇ.

2022ರ ನವೆಂಬರ್‌ನಲ್ಲಿ ಊಟಿ ರಸ್ತೆಯ ಬಸ್ ತಂಗುದಾಣದ ಮೇಲೆ ಮೂರು ಗುಂಬಜ್ ಕಂಡದ್ದೇ ತಡ, ಅದು ಮಸೀದಿಯಂತಿದೆ, ತೆಗೆಯದಿದ್ದರೆ ಜೆಸಿಬಿ ತಂದು ಒಡೆಯುತ್ತೇನೆ ಎಂದರು. ತಂಗುದಾಣ ಕಟ್ಟಿಸಿದವರು ಅವರದೇ ಪಕ್ಷದ ಅಂದಿನ ಶಾಸಕ ಎಸ್.ಎ. ರಾಮದಾಸ್. ಅರಮನೆಯೇ ಮಾದರಿ ಎಂದು ರಾಮದಾಸ್ ವಿವರಿಸಿದರು. ಕೊನೆಗೆ ಎರಡು ಗುಂಬಜ್ ಇಳಿದವು, ಉಳಿದದ್ದಕ್ಕೆ ಕೆಂಪು ಬಣ್ಣ ಬಿತ್ತು. ಹೆನ್ರಿ ಇರ್ವಿನ್ ವಿನ್ಯಾಸದ, 1912ರಲ್ಲಿ ಪೂರ್ಣಗೊಂಡ ಅಂಬಾವಿಲಾಸ ಅರಮನೆಯ ನೆತ್ತಿಯ ಮೇಲೂ ಗುಂಬಜುಗಳಿವೆ. ಚಾಮುಂಡೇಶ್ವರಿಯ ಒಕ್ಕಲಾದ ಒಡೆಯರು ತಮ್ಮ ಮನೆಗೆ ಒಪ್ಪಿದ ರೂಪ, ಬಸ್ಸಿಗೆ ಕಾಯುವವರ ತಲೆಯ ಮೇಲೆ ಇದ್ದರೆ ಯಾರಿಗೇನು ಕೇಡು?

2024ರಲ್ಲಿ ಪಕ್ಷ ಅವರಿಗೆ ಟಿಕೆಟ್ ಕೊಡದೆ ಯದುವೀರ್ ಒಡೆಯರ್ ಅವರನ್ನು ನಿಲ್ಲಿಸಿ ಗೆದ್ದಿತು. ಆಮೇಲೂ ಸಿಂಹರ ದಾರಿ ಬದಲಾಗಲಿಲ್ಲ. 2025ರ ದಸರೆಯ ಉದ್ಘಾಟನೆಗೆ ಸರ್ಕಾರ ಲೇಖಕಿ ಬಾನು ಮುಷ್ತಾಕ್ ಅವರನ್ನು ಕರೆದಾಗ ಹೈಕೋರ್ಟಿನ ಮೆಟ್ಟಿಲೇರಿದರು. ಚಾಮುಂಡೇಶ್ವರಿಯಲ್ಲಿ ಭಕ್ತಿಯಿಲ್ಲದವರು ದಸರೆಗೆ ಚಾಲನೆ ಕೊಡಬಾರದೆಂಬುದು ಅವರ ವಾದ. 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ದಸರೆ ಉದ್ಘಾಟಿಸಿದಾಗ ಇವರೇ ಸಂಸದರು. ಆಗ ಇಂಥ ಅರ್ಜಿ ಹುಟ್ಟಲಿಲ್ಲ. ನಿಸಾರರಿಗೆ ಭಕ್ತಿಯಿತ್ತು ಎನ್ನುವುದಾದರೆ, ಒಬ್ಬರ ಭಕ್ತಿಯನ್ನು ತೂಗಿ ಹೇಳುವ ಹಕ್ಕು ರಾಜಕಾರಣಿಗೆ ಕೊಟ್ಟವರು ಯಾರು? ಸೆಪ್ಟೆಂಬರ್ 15ರಂದು ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. 22ರಂದು ಬಾನು ಚಾಮುಂಡಿ ಬೆಟ್ಟ ಹತ್ತಿ ದೇವಿಗೆ ಪುಷ್ಪಾರ್ಚನೆ ಮಾಡಿದರು.

ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆ. ಬಾನು ಅವರ ಕಥೆಗಳನ್ನು ಇಂಗ್ಲಿಷಿಗೆ ತಂದು ಅಂತರರಾಷ್ಟ್ರೀಯ ಬೂಕರ್ ಹಂಚಿಕೊಂಡ ದೀಪಾ ಭಾಸ್ತಿ ಮಡಿಕೇರಿಯವರು, ಸಿಂಹರು ಹತ್ತು ವರ್ಷ ಪ್ರತಿನಿಧಿಸಿದ ನೆಲದವರು. ಬಾನು ಅವರ ಹಾಸನದ ಕನ್ನಡವನ್ನು ಇಬ್ಬರು ಹೆಣ್ಣುಮಕ್ಕಳು ಲಂಡನ್ನಿನ ವೇದಿಕೆಗೆ ಏರಿಸಿದ ವರ್ಷವದು. ಕನ್ನಡದಲ್ಲಿ ಅಂಕಣ ಬರೆದೇ ಹೆಸರಾದವರು ಬೆಟ್ಟದ ಮೇಲಿನ ಆ ಸಂಭ್ರಮದಲ್ಲಿ ಮುಂದೆ ನಿಲ್ಲಬೇಕಿತ್ತು. ಅವರು ಅರ್ಜಿದಾರರಾದರು.

ಅವರು ಮತ್ತೆ ಮತ ಕೇಳಿ ಬಂದರೆ, ಮೈಸೂರಿನವರು ರಸ್ತೆಯ ಲೆಕ್ಕದ ಜೊತೆ ಈ ಅರ್ಜಿಯ ಲೆಕ್ಕವನ್ನೂ ಕೇಳಬೇಕು.