ತಲಪಾಡಿ ದಾಟಿ ಬಂದರೂ ಚಲನ್ ಬೆನ್ನು ಬಿಡುವುದಿಲ್ಲ

"ಅದು ಕೇರಳದ ಚಲನ್, ನಮ್ಮ ಗಾಡಿ ಕರ್ನಾಟಕದ್ದು, ಕಟ್ಟದಿದ್ದರೆ ಏನು ಮಾಡ್ತಾರೆ?" ಈ ಮಾತು ನಮ್ಮ ಮನೆಗಳಲ್ಲಿ, ಅಂಗಡಿ ಜಗಲಿಗಳಲ್ಲಿ ಆಗಾಗ ಕೇಳಿ ಬರ್ತದೆ. ಶಿಕಾರಿಪುರ, ಸೊರಬ ತಾಲೂಕಿನ ನಮ್ಮವರಿಗೆ ಗಡಿ ದಾಟುವುದು ಅಪರೂಪದ ಕೆಲಸವಲ್ಲ. ಶಿರಾಳಕೊಪ್ಪ, ಆನವಟ್ಟಿ ಕಡೆಯಿಂದ ಶುಂಠಿ ಹೊತ್ತ ಪಿಕಪ್‌ಗಳು ಕೇರಳಕ್ಕೆ ಹೋಗ್ತವೆ. ಮದುವೆ, ಮನೆ ಒಕ್ಕಲು, ಮಯ್ಯತ್ ಎಂದರೆ ಕುಟುಂಬವೇ ಕಾರು ಹತ್ತಿ ಮಂಗಳೂರು, ಉಪ್ಪಳ, ಕಾಸರಗೋಡಿನ ಕಡೆಗೆ ಹೊರಡ್ತದೆ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಸಾಗರದಿಂದ ಕೊಲ್ಲೂರು ಕಡೆಗೆ ಹೋಗುವವರಿಗೆ ಲಾಂಚ್ ಕಾಯುವ ಕಷ್ಟವೂ ತಪ್ಪಿತು. ದಾರಿ ಸಲೀಸಾಯ್ತು, ಜೊತೆಗೆ ಕಾಲು ಎಕ್ಸಿಲರೇಟರ್ ಮೇಲೆ ಭಾರವಾಯ್ತು. ಹಾಗಾಗಿ ಹೊರರಾಜ್ಯದ ಒಂದು ವೇಗದ ಚಲನ್ ನಮ್ಮ ಲೈಸೆನ್ಸಿಗೆ, ನಮ್ಮ ಇನ್ಶೂರೆನ್ಸಿಗೆ ಏನು ಮಾಡ್ತದೆ ಎಂದು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಕಾನೂನು ಒಂದೇ, ದಂಡ ಬೇರೆ ಬೇರೆ

ಮೋಟಾರು ವಾಹನ ಕಾಯ್ದೆ ಕೇಂದ್ರದ ಕಾಯ್ದೆ. ಶಿವಮೊಗ್ಗದಲ್ಲಿ ಕೊಟ್ಟ ಲೈಸೆನ್ಸ್ ಇಡೀ ದೇಶದಲ್ಲಿ ನಡೆಯುವುದು ಇದೇ ಕಾಯ್ದೆಯಿಂದ. ಲೈಸೆನ್ಸಿಗೆ ಗಡಿ ಇಲ್ಲ ಎಂದ ಮೇಲೆ ತಪ್ಪಿಗೂ ಗಡಿ ಇಲ್ಲ. 2019ರ ತಿದ್ದುಪಡಿಯ ನಂತರ 183ನೇ ಕಲಮಿನಲ್ಲಿ ಅತಿವೇಗಕ್ಕೆ ಕಾರು, ಬೈಕಿನಂತಹ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರೀ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡ ಉಂಟು. ಸ್ಥಳದಲ್ಲೇ ರಾಜಿಯಾಗಿ ಕಟ್ಟುವ ಮೊತ್ತವನ್ನು ಆಯಾ ರಾಜ್ಯ ನಿಗದಿ ಮಾಡ್ತದೆ. ಕೇರಳದಲ್ಲಿ ಕಾರಿನ ಅತಿವೇಗಕ್ಕೆ 1,500 ರೂಪಾಯಿ, ಕರ್ನಾಟಕದಲ್ಲಿ 1,000.

ಕೇರಳ 'ಸೇಫ್ ಕೇರಳ' ಯೋಜನೆಯಲ್ಲಿ 726 ಕ್ಯಾಮೆರಾ ಹಾಕಿ 2023ರ ಜೂನ್ 5ರಿಂದ ದಂಡ ಶುರು ಮಾಡಿತು. ಅದರಲ್ಲಿ 675 ಎಐ ಕ್ಯಾಮೆರಾಗಳು ಮುಖ್ಯವಾಗಿ ನೋಡುವುದು ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್, ಮೂವರು ಸವಾರಿ. ವೇಗ ಹಿಡಿಯುವ ಕ್ಯಾಮೆರಾ ಬೇರೆ. ಅದೇ ವರ್ಷ ಜುಲೈ 1ರಿಂದ ಅಲ್ಲಿ ವೇಗದ ಮಿತಿಯೂ ಬದಲಾಯ್ತು. ಕಾರುಗಳಿಗೆ ಹೆದ್ದಾರಿಯಲ್ಲಿ ಮಿತಿ ಏರಿತು, ಆದರೆ ಬೈಕುಗಳಿಗೆ 70ರಿಂದ 60ಕ್ಕೆ ಇಳಿಯಿತು. ನಮ್ಮ ಹುಡುಗರು ಇಲ್ಲಿನ ಲೆಕ್ಕದಲ್ಲಿ ಅಲ್ಲಿ ಬೈಕ್ ಓಡಿಸಿದರೆ ತಪ್ಪಿಗೆ ಸಿಕ್ಕಿ ಬೀಳುವುದು ಹೀಗೆ.

ಕ್ಯಾಮೆರಾ ನೋಡುವುದು ಮುಖವನ್ನಲ್ಲ, ನಂಬರನ್ನು

ಕ್ಯಾಮೆರಾ ಹಿಡಿಯುವುದು ಗಾಡಿಯ ನಂಬರ್ ಪ್ಲೇಟನ್ನು. ಕೆಎ 14 ಆಗಲಿ ಕೆಎ 15 ಆಗಲಿ, 'ವಾಹನ್' ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಆ ನಂಬರ್ ಹಾಕಿದರೆ ಮಾಲೀಕನ ಹೆಸರು ಬರ್ತದೆ. ಚಲನ್ ಅವನ ಹೆಸರಿಗೆ ಹೋಗ್ತದೆ. ಓಡಿಸಿದವ ಅಳಿಯನೋ, ಡ್ರೈವರೋ, ಗಾಡಿ ಸಾಲ ಕೇಳಿ ಒಯ್ದ ನೆರೆಮನೆಯವನೋ, ಅದು ಯಂತ್ರಕ್ಕೆ ಗೊತ್ತಿಲ್ಲ.

ಇದರಿಂದ ಎರಡು ಪರಿಣಾಮ. ಒಂದು, ಕ್ಯಾಮೆರಾದ ಚಲನ್ ತಾನಾಗಿಯೇ ಯಾರ ಲೈಸೆನ್ಸಿನ ಮೇಲೂ ಕೂರುವುದಿಲ್ಲ. ಎರಡು, ಓಡಿಸಿದವ ಆರಾಮವಾಗಿ ಇರ್ತಾನೆ, ಆರ್‌ಸಿಯಲ್ಲಿ ಹೆಸರಿರುವವ ಸಿಕ್ಕಿ ಬೀಳ್ತಾನೆ. ಕಾಯ್ದೆಯ 133ನೇ ಕಲಮಿನ ಪ್ರಕಾರ ಅಧಿಕಾರಿ ಕೇಳಿದರೆ ಆಗ ಗಾಡಿ ಓಡಿಸಿದ್ದು ಯಾರು ಎಂದು ಮಾಲೀಕ ಹೇಳಲೇಬೇಕು. ಹೇಳಿದ ಮೇಲೆ ವಿಷಯ ಓಡಿಸಿದವನ ಕಡೆಗೆ ತಿರುಗಬಹುದು.

ಗಾಡಿ ಮಾರಿ, ಆರ್‌ಸಿ ವರ್ಗಾಯಿಸದೆ ಬಿಟ್ಟವರ ಪಾಡು ಇನ್ನೂ ಕಷ್ಟ. ಮಾರಿದವ ಸೊರಬದಲ್ಲಿ, ಗಾಡಿ ಮೂರನೇ ಕೈಯಲ್ಲಿ ಕಣ್ಣೂರಿನಲ್ಲಿ, ಚಲನ್ ಮಾತ್ರ ಸೊರಬಕ್ಕೆ. ಅದೇ ರೀತಿ ಆರ್‌ಸಿಯಲ್ಲಿ ಹತ್ತು ವರ್ಷ ಹಿಂದಿನ ಮೊಬೈಲ್ ನಂಬರ್ ಇದ್ದರೆ ಸಂದೇಶವೇ ಬರುವುದಿಲ್ಲ. 2021ರ ಆಗಸ್ಟಿನ ಕೇಂದ್ರ ನಿಯಮದಲ್ಲಿ ತಪ್ಪು ನಡೆದ 15 ದಿನದೊಳಗೆ ನೋಟೀಸ್ ಕಳಿಸಬೇಕು ಎಂದಿತ್ತು. ಅವರು ಕಳಿಸಿದರೂ ಹಳೆಯ ನಂಬರಿಗೆ ಬಂದದ್ದು ನಮಗೆ ತಲುಪೀತೇ?

ಕಟ್ಟದಿದ್ದರೆ ಏನಾಗ್ತದೆ? ಪ್ರಕರಣ ಆ ರಾಜ್ಯದ ವರ್ಚುವಲ್ ಕೋರ್ಟಿಗೆ ಹೋಗ್ತದೆ. ಅಲ್ಲಿ ಮೊಬೈಲಿನಲ್ಲೇ ಒಪ್ಪಿ ದಂಡ ಕಟ್ಟಬಹುದು, ಅಥವಾ ಒಪ್ಪುವುದಿಲ್ಲ ಎನ್ನಬಹುದು. ಒಪ್ಪದಿದ್ದರೆ ಅದು ಆ ಜಾಗದ ಕೋರ್ಟಿಗೆ ವರ್ಗವಾಗ್ತದೆ. ಶಿಕಾರಿಪುರದವನಿಗೆ ಕಾಸರಗೋಡಿನ ಕೋರ್ಟ್ ಎಂದರೆ ಒಂದು ದಿನದ ದುಡಿಮೆ, ಡೀಸೆಲ್ಲು, ವಕೀಲರ ಫೀಸು. ತಪ್ಪೇ ಮಾಡದವನೂ ಈ ಲೆಕ್ಕ ಹಾಕಿ ದಂಡ ಕಟ್ಟಿಬಿಡ್ತಾನೆ. ಹೊರರಾಜ್ಯದ ಚಲನ್‌ನ ನಿಜವಾದ ಅನ್ಯಾಯ ಇದು; ಇದರ ಬಗ್ಗೆ ಚರ್ಚೆ ಆಗುವುದು ಕಡಿಮೆ. ಇತ್ತ ಬಾಕಿ ಉಳಿದ ಚಲನ್‌ನಿಂದ ಗಾಡಿಯ ನಂಬರ್ ಕಪ್ಪುಪಟ್ಟಿಗೆ ಸೇರಿದರೆ ಮಾರುವಾಗ, ಎನ್‌ಒಸಿ ಕೇಳುವಾಗ ಕೆಲಸ ನಿಲ್ತದೆ. 1,500ಕ್ಕಾಗಿ ಮೂರು ಲಕ್ಷದ ಗಾಡಿಯ ವ್ಯಾಪಾರ ಮುರಿಯಬಹುದು.

ಇನ್ನೊಂದು ತಪ್ಪು ಕಲ್ಪನೆ ಉಂಟು. ಕರ್ನಾಟಕ ಸರಕಾರ 2023ರಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ಅದು ನಮ್ಮ ರಾಜ್ಯದ ಚಲನ್‌ಗೆ ಮಾತ್ರ. ಕೇರಳದ, ಗೋವಾದ, ಮಹಾರಾಷ್ಟ್ರದ ದಂಡವನ್ನು ಬೆಂಗಳೂರಿನ ಆದೇಶ ಇಳಿಸಲಾರದು.

ಲೈಸೆನ್ಸ್ ಹೋಗುವುದು ಯಾವಾಗ

ದಾರಿಯಲ್ಲಿ ಪೊಲೀಸರು ನಿಲ್ಲಿಸಿ ಹಿಡಿದರೆ ಕಥೆ ಬೇರೆ. ಆಗ ಓಡಿಸುವವನ ಮುಖವೂ ಉಂಟು, ಲೈಸೆನ್ಸೂ ಉಂಟು. 206ನೇ ಕಲಮಿನ ಪ್ರಕಾರ ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದಿರುವುದು ಮುಂತಾದ ತಪ್ಪುಗಳಿಗೆ ಲೈಸೆನ್ಸ್ ವಶಕ್ಕೆ ಪಡೆದು ಲೈಸೆನ್ಸ್ ಪ್ರಾಧಿಕಾರಕ್ಕೆ ಕಳಿಸಬಹುದು. 19ನೇ ಕಲಮಿನಡಿ ಮೊದಲ ಸಲಕ್ಕೆ ಮೂರು ತಿಂಗಳ ಅನರ್ಹತೆ, ಮತ್ತೆ ಮಾಡಿದರೆ ಲೈಸೆನ್ಸೇ ರದ್ದು. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯೂ 2015ರಲ್ಲಿ ಅತಿವೇಗಕ್ಕೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತ್ತು. ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕುವ ಹಕ್ಕು ನಮಗುಂಟು. ಆ 30 ದಿನವನ್ನು ಸುಮ್ಮನೆ ಕಳೆಯಬಾರದು.

ನಮ್ಮ ರಾಜ್ಯದಲ್ಲೂ ಬಿಗಿಯಾಗಿದೆ. 2024ರ ಆಗಸ್ಟ್ 1ರಿಂದ ಗಂಟೆಗೆ 130 ಕಿಲೋಮೀಟರ್ ಮೀರಿದರೆ ದಂಡ ಮಾತ್ರವಲ್ಲ, ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸ್ ಇಲಾಖೆ ಹೇಳಿತು. ಗಲ್ಫಿಗೆ ಹೋಗಬೇಕೆಂದು ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಹುಡುಗನ ಮೇಲೆ ಒಂದು ಕ್ರಿಮಿನಲ್ ಕೇಸು ಎಂದರೆ ಏನೆಂದು ನಮ್ಮ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಡ್ರೈವಿಂಗಿನಿಂದಲೇ ಮನೆ ನಡೆಸುವವನಿಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ ಎಂದರೆ ಮೂರು ತಿಂಗಳು ಒಲೆ ಉರಿಯುವುದು ಕಷ್ಟ. ಇಲ್ಲಿ ಗಾಡಿ ಮಾಲೀಕರೂ ಒಂದು ಮಾತು ಗಮನಿಸಬೇಕು. ತನ್ನ ಕೆಲಸದವನಿಂದ ಮಿತಿ ಮೀರಿ ಓಡಿಸಿದವನಿಗೂ 183ನೇ ಕಲಮು ಅನ್ವಯಿಸ್ತದೆ. "ಬೆಳಿಗ್ಗೆ ಐದಕ್ಕೆ ಮಾರ್ಕೆಟಿನಲ್ಲಿ ಮಾಲು ಇಳಿಯಬೇಕು" ಎಂದು ರಾತ್ರಿ ಹನ್ನೊಂದಕ್ಕೆ ಗಾಡಿ ಬಿಟ್ಟರೆ ಆ ವೇಗದಲ್ಲಿ ಯಜಮಾನನ ಪಾಲೂ ಉಂಟಲ್ವಾ?

ಇನ್ಶೂರೆನ್ಸ್: ಇಂದು ಮತ್ತು ನಾಳೆ

ಚಲನ್ ಬಿದ್ದರೆ ಪ್ರೀಮಿಯಂ ಏರ್ತದೆ ಎಂದು ಹೆದರುವವರಿದ್ದಾರೆ. ನಮ್ಮಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಅನ್ನು ಕೇಂದ್ರ ಸರಕಾರ ನಿಗದಿ ಮಾಡ್ತದೆ. 2022ರ ಜೂನ್ 1ರಿಂದ ಬಂದ ದರದಲ್ಲಿ 1000 ಸಿಸಿಯೊಳಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416 ರೂಪಾಯಿ. ಈ ದರ ಹತ್ತು ಚಲನ್ ಇದ್ದವನಿಗೂ ಒಂದೂ ಇಲ್ಲದವನಿಗೂ ಒಂದೇ. ಸ್ವಂತ ಹಾನಿಯ ಭಾಗದಲ್ಲಿ ಸಿಗುವ ನೋ ಕ್ಲೇಮ್ ಬೋನಸ್ 20ರಿಂದ 50 ಶೇಕಡಾ ತನಕ ಉಂಟು. ಅದು ಹೋಗುವುದು ಕ್ಲೇಮ್ ಮಾಡಿದರೆ, ಚಲನ್‌ನಿಂದಲ್ಲ.

ಆದರೆ ಗಾಳಿ ಬೇರೆ ದಿಕ್ಕಿಗೆ ಬೀಸ್ತಾ ಇದೆ. 2021ರ ಜನವರಿಯಲ್ಲಿ ವಿಮಾ ಪ್ರಾಧಿಕಾರ ಐಆರ್‌ಡಿಎಐಯ ಒಂದು ತಂಡ, ಸಂಚಾರ ತಪ್ಪುಗಳಿಗೆ ಅಂಕ ಕೊಟ್ಟು ಅದರಂತೆ ಹೆಚ್ಚುವರಿ ಪ್ರೀಮಿಯಂ ವಸೂಲಿ ಮಾಡುವ ಶಿಫಾರಸು ಮುಂದಿಟ್ಟಿತು. ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10 ಅಂಕ, ಮೊದಲ ಪ್ರಯೋಗ ದಿಲ್ಲಿಯಲ್ಲಿ ಎಂದಿತ್ತು. 2024ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಲೆಫ್ಟಿನೆಂಟ್ ಗವರ್ನರ್ ಕೂಡ ಇದೇ ಬೇಡಿಕೆ ಇಟ್ಟು ಕೇಂದ್ರ ಹಣಕಾಸು ಸಚಿವರಿಗೆ ಪತ್ರ ಬರೆದರು. ಅಮೆರಿಕದಲ್ಲಿ ಬಹುಪಾಲು ರಾಜ್ಯಗಳು ಪರಸ್ಪರ ಮಾಹಿತಿ ಕೊಡುವುದರಿಂದ ಒಂದು ರಾಜ್ಯದ ಟಿಕೆಟ್ ಇನ್ನೊಂದು ರಾಜ್ಯದ ಪ್ರೀಮಿಯಂ ಏರಿಸುವುದು ಮಾಮೂಲು. ಯುಎಇಯಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಬ್ಲ್ಯಾಕ್ ಪಾಯಿಂಟ್ ಗೊತ್ತೇ ಇದೆ. 24 ಆದರೆ ಲೈಸೆನ್ಸ್ ಹೋಗ್ತದೆ, ಮಿತಿಗಿಂತ 60 ಕಿಲೋಮೀಟರ್ ಮೀರಿದ ಒಂದೇ ತಪ್ಪಿಗೆ 12 ಬೀಳ್ತದೆ. ದುಬೈಯಲ್ಲಿ ಮಿತಿ ನೋಡಿ ಓಡಿಸುವ ಅದೇ ಹುಡುಗ ರಜೆಯಲ್ಲಿ ಬಂದು ಸಾಗರ ರಸ್ತೆಯಲ್ಲಿ ಹಾರಿಸುವುದು ಏಕೆ? ಅಲ್ಲಿ ಲೆಕ್ಕ ಓಡಿಸಿದವನ ಹೆಸರಿಗೆ ಬರೆಯಲ್ಪಡ್ತದೆ, ಇಲ್ಲಿ ಅಪ್ಪನ ಗಾಡಿಗೆ.

ವಿಮೆಯ ನಿಜವಾದ ಪೆಟ್ಟು ಪ್ರೀಮಿಯಂನಲ್ಲಿಲ್ಲ, ಕ್ಲೇಮಿನಲ್ಲಿದೆ. ಲೈಸೆನ್ಸ್ ಅಮಾನತಾದ ಕಾಲದಲ್ಲಿ ಓಡಿಸಿ ಅಪಘಾತವಾದರೆ ಸ್ವಂತ ಗಾಡಿಯ ಕ್ಲೇಮ್ ತಿರಸ್ಕಾರವಾಗಬಹುದು. ಗೊತ್ತಿದ್ದೂ ಅಂಥವನ ಕೈಗೆ ಗಾಡಿ ಕೊಟ್ಟಿದ್ದರೆ, ಗಾಯಾಳುವಿಗೆ ಕಂಪನಿ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು ಕೋರ್ಟುಗಳು ಅವಕಾಶ ಕೊಟ್ಟಿವೆ. ಆ ಮೊತ್ತ ಮನೆ ಜಾಗ ಮಾರಿದರೂ ಸಾಲದಷ್ಟು ಇರಬಹುದು.

ಇನ್ನೊಂದು ತೀರ್ಪು ನಮ್ಮ ರಾಜ್ಯದ್ದೇ. 2014ರ ಜೂನಿನಲ್ಲಿ ಅರಸೀಕೆರೆ ಬಳಿ ವೇಗವಾಗಿ ಬಂದ ಕಾರೊಂದು ಪಲ್ಟಿಯಾಗಿ ಓಡಿಸುತ್ತಿದ್ದ ವ್ಯಕ್ತಿ ತೀರಿಕೊಂಡರು. ಅದೇ ಕಾರಿನಲ್ಲಿ ತಂದೆ, ತಂಗಿ ಇದ್ದರು. ಹೆಂಡತಿ, ಮಗ, ಹೆತ್ತವರು 80 ಲಕ್ಷ ರೂಪಾಯಿ ಪರಿಹಾರ ಕೇಳಿದರು. ತಪ್ಪು ಓಡಿಸಿದವನದ್ದೇ ಆಗಿರುವುದರಿಂದ ಅವನ ವಾರಸುದಾರರು ಪರಿಹಾರ ಕೇಳಲಾಗದು ಎಂದು ಕರ್ನಾಟಕ ಹೈಕೋರ್ಟ್ ಹೇಳಿತು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. ಹನ್ನೊಂದು ವರ್ಷ ಕಾದ ಕುಟುಂಬಕ್ಕೆ ಆ ದಾರಿ ಮುಚ್ಚಿತು. ಥರ್ಡ್ ಪಾರ್ಟಿ ವಿಮೆ ಇರುವುದು ನಮ್ಮಿಂದ ಹಾನಿಗೊಳಗಾದ ಬೇರೆಯವರಿಗೆ, ತಪ್ಪು ಮಾಡಿದ ನಮಗಲ್ಲ. ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಉಂಟು. ಅದಕ್ಕೂ ಚಾಲ್ತಿಯಲ್ಲಿರುವ ಲೈಸೆನ್ಸ್ ಬೇಕು.

ಈಗ ಮಾಡಬೇಕಾದದ್ದು

ಆರ್‌ಸಿ ಮತ್ತು ಲೈಸೆನ್ಸಿಗೆ ಈಗಿನ ಮೊಬೈಲ್ ನಂಬರ್ ಸೇರಿಸಿ. ಹೊರರಾಜ್ಯಕ್ಕೆ ಹೋಗಿ ಬಂದ ಮೇಲೆ ಒಂದೆರಡು ವಾರ ಬಿಟ್ಟು 'ಪರಿವಾಹನ್'ನ ಇ-ಚಲನ್ ತಾಣದಲ್ಲಿ ಗಾಡಿಯ ನಂಬರ್ ಹಾಕಿ ನೋಡಿ. ಚಲನ್ ಇದ್ದರೆ ಫೋಟೋದಲ್ಲಿರುವುದು ನಿಮ್ಮದೇ ಗಾಡಿಯೇ, ಜಾಗ, ದಿನ, ಸಮಯ ಹೊಂದ್ತದೆಯೇ ಎಂದು ಪರೀಕ್ಷಿಸಿ. ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಹಾಕಿ, ಸರಿಯಿದ್ದರೆ ಕಟ್ಟಿಬಿಡಿ. ವಾಟ್ಸಾಪಿನಲ್ಲಿ "ನಿಮ್ಮ ಚಲನ್ ನೋಡಿ" ಎಂದು ಬರುವ ಎಪಿಕೆ ಫೈಲನ್ನು ಮಾತ್ರ ಮುಟ್ಟಬೇಡಿ, ಅದು ಬ್ಯಾಂಕ್ ಖಾತೆ ದೋಚುವ ಮೋಸ. ಗಾಡಿ ಮಾರಿದ ದಿನವೇ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿಸಿ. ಗಾಡಿ ಕೊಡುವಾಗ ಯಾರಿಗೆ, ಯಾವ ದಿನ ಎಂದು ಬರೆದಿಡಿ. ಲೈಸೆನ್ಸ್ ಕೇಳಿ ನೋಡುವುದು ಅವಮಾನವಲ್ಲ.

ಸರಕಾರಗಳೂ ಒಂದು ಕೆಲಸ ಮಾಡಬೇಕು. ಗಾಡಿಯ ಮಾಹಿತಿ ಒಂದು ಕ್ಷಣದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗ್ತದೆ ಎಂದಾದರೆ ನಮ್ಮ ಆಕ್ಷೇಪಣೆಯೂ ಹೋಗಬೇಕು. ಕಾಸರಗೋಡಿನ ಚಲನ್ ತಪ್ಪು ಎನ್ನುವ ಸೊರಬದವನ ಮಾತನ್ನು ಸೊರಬದಲ್ಲಿ ಕೂತೇ, ವಿಡಿಯೋ ಮೂಲಕ, ಕನ್ನಡದಲ್ಲಿ ಕೇಳುವ ವ್ಯವಸ್ಥೆ ಬರಲಿ. ದಂಡಕ್ಕೆ ಗಡಿ ಇಲ್ಲ ಎಂದಾದರೆ ನ್ಯಾಯಕ್ಕೂ ಗಡಿ ಇರಬಾರದು.